ಬೀಸಣಿಗೆ ನೆರಿಗೆ

ನರ್ಸುಗಳ ಹಾಸ್ಟೆಲ್,
ಭಾನುವಾರ, ಜುಲೈ 1986

ಪ್ರೀತಿಯ ಶೋಶಾಮ್ಮ ಚೇಚಿಗೆ,

ಯೇಸುವಿಗೆ ಸ್ತುತಿ. ನಮ್ಮ ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನ ಮಹಾರಾಣಿ, ಅಂದರೆ ನಮ್ಮಿಬ್ಬರನ್ನೂ ಹೆತ್ತ ಅಮ್ಮಚ್ಚಿ, ಕ್ಷೇಮ. ಪ್ರಜೆಗಳು ಮಾತ್ರ ಕ್ಷೇಮವಾಗಿರಲಿಲ್ಲ. ದಿನಾ ಸ್ನಾನವಾದ ಮೇಲೆ ಅವಳ ಕೈಯಿಂದ ಯಾರಿಗಾದರೂ ಕಜ್ಜಾಯ ಸಿಗುತ್ತಿತ್ತು. ಆಯಾ ತಂಗಮಣಿಯ ತುಟಿ ಒಡೆಯಿತು. "ನಿಮ್ಮಮ್ಮಂದು ಕೈಯಾ ಸಿಸ್ಟರ್, ಒನಕೆಯಾ?" ಎಂದು ನನ್ನನ್ನೇ ಕೇಳಿದಳು. ಕೊನೆಗೆ ಅಮ್ಮಚ್ಚಿಯ ಕೈಕಾಲು ಮಂಚಕ್ಕೆ ಕಟ್ಟಿದ್ದೂ ಆಯಿತು. ಅದನ್ನು ನಿನಗೆ ಬರೆದಿರಲಿಲ್ಲ.

ಆಸ್ಪತ್ರೆಯ ಹಸಿರು ನಿಲುವಂಗಿ ತೊಡಿಸುವಾಗಲೇ ಈ ಯುದ್ಧ ಎಂಬುದು ನನ್ನ ಮಹಾಬುದ್ಧಿಗೆ ಹೊಳೆಯಲು ಮಳೆಗಾಲವೇ ಬರಬೇಕಾಯಿತು. ಬಿಳಿ ಕುಪ್ಪಸ ತೊಟ್ಟು, ಸೊಂಟಕ್ಕೆ ಬಿಳಿ ಮುಂಡು ಉಟ್ಟು, ಹಿಂದೆ ಬೀಸಣಿಗೆಯಂತೆ ನೆರಿಗೆ ಬಿಡದೆ ಅವಳು ಮನೆಯ ಕೋಳಿಗೂ ಮುಖ ತೋರಿಸಿದವಳಲ್ಲ. ನಾವೋ ಆ ನಿಲುವಂಗಿ ತೊಡಿಸಿ ಅವಳನ್ನು ಬೀದಿಯಲ್ಲಿ ಬೆತ್ತಲೆ ನಿಲ್ಲಿಸಿದಂತೆ ಮಾಡಿದ್ದೆವು. ಡಾಕ್ಟರ್ ಕುರುಪ್ಪರನ್ನು ಕಾಡಿ ಬೇಡಿ ಅಪ್ಪಣೆ ಪಡೆದು, ಈಗ ನಾನೇ ಮುಂಡು ಉಡಿಸುತ್ತೇನೆ. ಅಂದಿನಿಂದ ಯಾರಿಗೂ ಏಟಿಲ್ಲ. "ವಾರ್ಡೇ ಸಪ್ಪೆಯಾಯ್ತು ನೋಡಿ" ಎಂದು ತಂಗಮಣಿಯ ದೂರು.

ನನ್ನದೂ ಒಂದು ದೂರಿದೆ. ಊರಿಗೆಲ್ಲ ಹೊಡೆದವಳು ನನಗೆ ಮಾತ್ರ ಒಂದೂ ಕೊಟ್ಟಿಲ್ಲ. ಬೆಲ್ಲ ಕದ್ದರೂ, ಜಪಮಾಲೆ ಹೊತ್ತಿಗೆ ತೂಕಡಿಸಿದರೂ ಬೆನ್ನು ಬಾರಿಸುತ್ತಿದ್ದವಳು ಈಗ "ಸಿಸ್ಟರ್, ನೀವ್ಯಾಕೆ ತೊಂದರೆ ತಗೋತೀರಿ?" ಎನ್ನುತ್ತಾಳೆ. ಇಷ್ಟೊಂದು ಮರ್ಯಾದೆ ನನಗೆ ತಡೆಯಲಾಗುತ್ತಿಲ್ಲ ಚೇಚಿ.

ಈ ತಿಂಗಳು ಮುಗಿಯುವವರೆಗೆ ಕೈಯೆತ್ತದಿದ್ದರೆ ಮನೆಗೆ ಕಳಿಸುತ್ತಾರಂತೆ. ನನಗಿರುವುದು ಹಾಸ್ಟೆಲ್ಲಿನ ಒಂದು ಮಂಚ. ಮನೆ ಎಂದರೆ ನಿನ್ನದೇ. "ಮಕ್ಕಳಿಗೆ ಹೊಡೆದರೆ?" ಎಂದು ಭಾವ ಕೇಳಿದರೆಂದು ನೀನು ಬರೆದಿದ್ದೆ. ಹೊಡೆಯುವುದಿಲ್ಲ, ನೆರಿಗೆ ಸರಿಯಿದ್ದರೆ ಸಾಕು ಎಂದು ಹೇಳು. ತಿಂಗಳ ಕೊನೆಗೆ ಬಾ. ಪೆಟ್ಟಿಗೆಯಲ್ಲಿರುವ ಅವಳ ಒಳ್ಳೆಯ ಮುಂಡು ತಾ.

ನಿನ್ನ ತಂಗಿ,
ರಾಹೇಲ್

ತಾ.ಕ.: ಸೋಮವಾರ. ಲಕೋಟೆ ಅಂಟಿಸುವ ಮೊದಲೇ ಇದೊಂದು. ಬೆಳಿಗ್ಗೆ ಗಡಿಬಿಡಿಯಲ್ಲಿ ನೆರಿಗೆ ಸೊಟ್ಟಗೆ ಹಿಡಿದೆ. ಕೆನ್ನೆಗೆ ರಪ್ಪನೆ ಬಿತ್ತು. "ಏ ಸೋಮಾರಿ ರಾಹೇಲೇ, ನಿನ್ನ ಚೇಚೀನ ನೋಡಿ ಕಲಿ!" ಅಂದಳು. ಮರುಗಳಿಗೆಗೇ, "ಅಯ್ಯೋ, ಸಿಸ್ಟರ್, ಕೆನ್ನೆ ಯಾಕೆ ಕೆಂಪಾಗಿದೆ?" ನನಗೆ ಹಲ್ಲುನೋವು ಎಂದು ಡಾಕ್ಟರ ಹತ್ತಿರ ಹೇಳಿದ್ದೇನೆ, ಭಾವನಿಗೂ ಹಾಗೇ ಹೇಳು. ನಾಳೆಯೂ ನೆರಿಗೆ ಸೊಟ್ಟಗೇ ಹಿಡಿಯಲೇ ಎಂದು ಆಸೆಯಾಗುತ್ತಿದೆ.