ಬಿಚ್ಚದ ಚಾಪೆ

ಮಗನೇ,

ಪ್ರಾರ್ಥನೆಗೆ ಹೋಗುತ್ತಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ.

ಬೆಳಿಗ್ಗೆ ಕಾಫಿ ಕೊಡಲೆಂದು ನಿನ್ನ ಕೋಣೆಯ ಬಾಗಿಲು ಸರಿಸಿದೆ. ಬೆನ್ನಿನ ವ್ಯಾಯಾಮಕ್ಕೆಂದು ತಂದ ಚಾಪೆ ಅಂಗಡಿಯ ದಾರದ ಸಮೇತ ಮೂಲೆಯಲ್ಲಿತ್ತು. ನೀನು ಆಚೆ ಮುಖ ಮಾಡಿ, ಮಂಚದ ಮೇಲೆ ಗೂನಾಗಿ ಕುಳಿತು, ನನಗೆ ಕೇಳಲೆಂದೇ "ಒಂದು, ಎರಡು, ಮೂರು" ಎಂದು ಗಟ್ಟಿಯಾಗಿ ಎಣಿಸುತ್ತಿದ್ದೆ. ಕಾಫಿ ಹಾಗೆಯೇ ವಾಪಸ್ ತಂದೆ. ಆ ಎಣಿಕೆ ಕೇಳಿ ದಿನವೂ ದೇವರಿಗೆ ಕೈಮುಗಿಯುತ್ತಿದ್ದೆನಲ್ಲ! ಹೆತ್ತವಳ ಕಿವಿಗೇ ಹೂವಿಟ್ಟೆ. ದೇವರ ಮುಂದೆ ನನ್ನನ್ನೂ ಸುಳ್ಳುಗಾತಿ ಮಾಡಿದೆ.

ನಿಮ್ಮಪ್ಪನೂ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ ಕಣೇ" ಎನ್ನುತ್ತಲೇ, ನೀನೀಗ ಕೂರುವ ಅದೇ ಹೊಲಿಗೆ ಯಂತ್ರದ ಮುಂದೆ ಬಾಗಿಹೋದರು. ನೋವು ಮೊದಲು ಅವರ ನಿದ್ದೆ ತಿಂದಿತು, ಆಮೇಲೆ ನಗು, ಕೊನೆಗೆ ಮಾತು. ಅವರು ಹೋಗುವ ಮೊದಲೇ ಮನೆ ಬಿಕೋ ಎನ್ನುತ್ತಿತ್ತು. ನಿನ್ನೆ ನೀನು ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದಾಗ ಅವರ ದನಿಯೇ ಕೇಳಿದಂತಾಯಿತು.

ಹೊಲಿಯುವಾಗ ಆಗಾಗ ಎದ್ದು ಓಡಾಡು. ಬಟ್ಟೆಯ ಗಂಟನ್ನು ಮಂಡಿ ಮಡಿಸಿ ಎತ್ತು, ಸೊಂಟ ಬಗ್ಗಿಸಿ ಅಲ್ಲ. ಮನಸ್ಸು ಕುಗ್ಗಿದರೆ ಬಾಯಿಬಿಟ್ಟು ಹೇಳು, ನಾನಿನ್ನೂ ಬದುಕಿದ್ದೇನೆ.

ದಾರ ಕತ್ತರಿಸಿ ಚಾಪೆ ಹಾಸಿದ್ದೇನೆ. ನಾಳೆಯಿಂದ ಬಾಗಿಲು ತೆರೆದೇ ಇರಲಿ. ಎಣಿಸುವವಳು ನಾನು.

ಅಮ್ಮ