ದನಿ ಇರುವಷ್ಟರಲ್ಲಿ

ಮಾರ್ಚ್ 3, ಬೆಳಿಗ್ಗೆ 6

ಕೆಟ್ಟ ಕನಸು. ನೋಟ್‌ಬುಕ್ ನೆಲ ಒರೆಸುವ ಬಕೆಟ್‌ಗೆ ಬಿದ್ದಿತ್ತು. ನೀರೆಲ್ಲ ನೀಲಿ. ಅಮ್ಮ ಪಕ್ಕದಲ್ಲೇ ನಿಂತು ಬಾಯಿ ತೆರೆಯುತ್ತಾರೆ, ದನಿ ಇಲ್ಲ. ಎದ್ದವಳೇ ದಿಂಬಿನ ಕೆಳಗೆ ಕೈ ಹಾಕಿದೆ. ಇತ್ತು. ಒಣಗಿಯೇ ಇತ್ತು. ಆದರೂ ಎರಡು ಸಲ ಮುಟ್ಟಿ ನೋಡಿದೆ.

ಹನ್ನೊಂದನೇ ತಾರೀಖು ಆಪರೇಷನ್. ಗಂಟಲ ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರಂತೆ. ಆಮೇಲೆ ಅಮ್ಮ ಮಾತಾಡುವುದಿಲ್ಲ. ಮೂವತ್ತನಾಲ್ಕು ಹಳೆಯ ಪದ್ಯ ಅವರ ತಲೆಯಲ್ಲಿವೆ. ಕಾಗದಕ್ಕೆ ಬಂದದ್ದು ಆರು. ಅವರಿಗೆ ಕೈ ನಡುಕ, ಒಂದು ಸಾಲು ಬರೆಯುವಷ್ಟರಲ್ಲಿ ಸುಸ್ತು. ಬರೆಯುವವಳು ನಾನು — ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಮಾತ್ರೆ ಕೊಡಲು, ಬೆನ್ನು ತಿಕ್ಕಲು ಈ ಮನೆಗೆ ಬಂದವಳು.

"ಓದಿದವರು ಯಾರನ್ನಾದ್ರೂ ಕರೆಸಿ ಅಮ್ಮಾ" ಅಂದೆ.

"ಓದಿದವರು ತಿದ್ದುತ್ತಾರೆ ಕಣೇ, ಗಾಬರಿರಾಣಿ. ನೀನು ಹೆದರ್ಕೊಂಡು ಹೇಳಿದ್ದನ್ನೇ ಬರೀತೀಯ."

ಮಾರ್ಚ್ 4

ಕೇಳಿಯೇಬಿಟ್ಟೆ, ಇಷ್ಟು ದಿನ ಯಾಕೆ ಬರೆದಿಡಲಿಲ್ಲ ಎಂದು.

ಬರೆದಿದ್ದರಂತೆ. ಮದುವೆಯಾದ ಎರಡನೇ ವರ್ಷ ಗಂಡನ ಕೈಗೆ ಸಿಕ್ಕಿತು. ಆ ಮನೆಯಲ್ಲಿ ಹೆಂಗಸರು ಬರೆಯುವಂತಿರಲಿಲ್ಲ. ಅದರಲ್ಲೂ ಮನೆಯೊಳಗಿನ ಮಾತನ್ನು...

"ಬಚ್ಚಲ ಒಲೆಗೆ ಹಾಕಿದ್ರು. ನೀರು ಚೆನ್ನಾಗಿ ಕಾದಿದೆ ಅಂತ ಒಳಗಿಂದ ಕೂಗಿ ಹೇಳಿದ್ರು ಬೇರೆ." ನಗುತ್ತಾರೆ! ನನಗೆ ಕಣ್ಣಲ್ಲಿ ನೀರು.

ಆಮೇಲೆ ಏಳು ವರ್ಷ ಪೆನ್ನು ಮುಟ್ಟಲಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಪದ್ಯ ಕಟ್ಟಿದರು, ಆ ಕೆಲಸ ಮಾಡುವಾಗೆಲ್ಲ ಅದನ್ನು ಒಳಗೊಳಗೇ ಹೇಳಿಕೊಂಡರು. ಮನೆ ಬಿಟ್ಟ ಮೇಲೆ ಬರೆದ ಹೊಸವು ಅಚ್ಚಾದವು, ಊರೆಲ್ಲ ಉಗಿಯಿತು. ಹಳೆಯವು ಮಾತ್ರ ತಲೆಯಲ್ಲೇ ಉಳಿದವು. "ಅವಕ್ಕೆ ಕಾಗದ ಅಂದ್ರೆ ಭಯ. ನಿನ್ನ ಥರ ಪುಕ್ಕಲು ಜಾತಿಯವು."

ಸುಮ್ಮನೆ ಕೂತರೆ ಪದ್ಯ ಬರುವುದಿಲ್ಲ. ಹಿಟ್ಟು ನಾದಲು ಕೊಟ್ಟೆ — ಬಂತು! ಒಂದು ಕಡೆಯೂ ತಡವರಿಸದೆ. ಆಮೇಲೆ ಬಟ್ಟೆ ಮಡಿಸುತ್ತ,

ಮಡಿಸಿದಷ್ಟೂ ಚಿಕ್ಕದಾಯಿತು ಆಕಾಶ,
ಬೀರುವಿನ ಕೆಳಹಲಗೆಗೆ ಹಿಡಿಸುವಷ್ಟು.

ನಾನೂ ದಿನಾ ಮಡಿಸುತ್ತೇನೆ. ನನಗೆ ಕಂಡದ್ದು ಬಟ್ಟೆ ಮಾತ್ರ.

ಮಾರ್ಚ್ 8

ಮೂರು ದಿನ ಇಲ್ಲಿ ಬರೆಯಲಾಗಲಿಲ್ಲ. ಬೆರಳು ಊದಿವೆ. ಮೂವತ್ತೆರಡು ಆಯಿತು. ತೊಳೆದ ಪಾತ್ರೆಯನ್ನೇ ಎಷ್ಟು ಸಲ ತೊಳೆಸಿದೆನೋ. ಅವರ ದನಿ ಆಗಲೇ ಒರಟಾಗಿದೆ.

ಮಗ ಬಂದಿದ್ದರು. ಆರು ವರ್ಷದವರಿದ್ದಾಗ ಅಮ್ಮ ಬಿಟ್ಟು ಬಂದ ಮಗ. ಈಗ ತಲೆಯೆಲ್ಲ ನರೆತಿದೆ.

"ಪುಸ್ತಕ ಮಾಡಿಸ್ತೀಯಂತೆ. ನಮ್ಮನೆ ಹೆಸರು ಅದರಲ್ಲಿ ಬರಬಾರದು."

"ನಿಮ್ಮನೆ ಹೆಸರನ್ನ ನಿಮ್ಮನೇಲೇ ಬಿಟ್ಟು ಬಂದಿದೀನಿ, ಹುಡುಕಿದ್ರೆ ಸಿಗುತ್ತೆ. ಬಾ, ಈ ತುದಿ ಹಿಡ್ಕೋ."

ಒದ್ದೆ ಹೊದಿಕೆ. ಮೂವತ್ತಮೂರನೆಯದು ಹಿಂಡುವ ಪದ್ಯ. ಮಗ ಆ ಕಡೆ, ಅಮ್ಮ ಈ ಕಡೆ ತಿರುವಿದರು. ಅಮ್ಮ ಹೇಳುತ್ತ ಹೋದರು. ಎಳೆಗೂಸಿನ ಬಟ್ಟೆ ಹಿಂಡುವವಳ ಪದ್ಯ ಅದು. ಕೂಸು ಯಾರೆಂದು ಮಗನಿಗೆ ಗೊತ್ತಾಯಿತು. ನೀರೆಲ್ಲ ಇಳಿದುಹೋದರೂ ತಿರುವುತ್ತಲೇ ಇದ್ದರು. ತೋಳು ಮೊಣಕೈವರೆಗೆ ತೊಯ್ದಿತ್ತು. "ಹೆಸರು ಮಾತ್ರ..." ಅಂದು ಹೊರಟುಹೋದರು.

ನಾನೋ, ಬಾಯಿ ಬಿಟ್ಟು ನೋಡುತ್ತ ಬರೆಯುವುದನ್ನೇ ಮರೆತಿದ್ದೆ! ಹೇಳಲು ಹೆದರಿಕೆ. ಕೊನೆಗೆ ಹೇಳಿದೆ. ಬೈಯಲಿಲ್ಲ. ಹೊದಿಕೆಯನ್ನು ಮತ್ತೆ ನೀರಿಗೆ ಹಾಕಿಸಿ, ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿಸಿ, ಒಬ್ಬರೇ ಹಿಂಡಿದರು.

ಮಾರ್ಚ್ 10, ಸಂಜೆ, ಆಸ್ಪತ್ರೆ

ನಾಲ್ಕಕ್ಕೆ ವಾರ್ಡಿಗೆ ಸೇರಬೇಕಿತ್ತು. ಮೂರಾದರೂ ಕೊನೆಯದು ಬರಲಿಲ್ಲ. ಗುಡಿಸಿದರು, ಗುಂಡಿ ಹೊಲಿದರು. ಊಹೂಂ.

ಇದ್ದಕ್ಕಿದ್ದಂತೆ — "ಚಪ್ಪಲಿ ಕೊಡು. ಅದು ಮನೆಗೆಲಸದ್ದಲ್ಲ. ಹೊರಟ ದಿನದ್ದು. ಟ್ಯಾಕ್ಸಿ ಬೇಡ."

ನಡೆದರು. ಹೆಗಲಿಗೆ ಬ್ಯಾಗು, ಕೈಯಲ್ಲಿ ನೋಟ್‌ಬುಕ್, ಹಿಂದೆ ನಾನು. ಒಂದು ಕಂಬಕ್ಕೆ ಹಣೆ ಬಡಿಸಿಕೊಂಡೆ. ಎರಡನೇ ತಿರುವಿನಲ್ಲಿ ಶುರುವಾಯಿತು:

ಬೀದಿಯೇ, ಯಾರವಳು ಎಂದು ನೀನು ಕೇಳಲಿಲ್ಲ,
ಎತ್ತ ಎಂದಷ್ಟೇ ಕೇಳಿದೆ.

ಆಸ್ಪತ್ರೆಯ ಗೇಟಿನಲ್ಲಿ ಮುಗಿಯಿತು. ಗೇಟಿನವನು "ಏನಮ್ಮಾ, ಪೊಲೀಸಿನವರ ಥರ ಬರ್ಕೋತಾ ಬರ್ತಿದೀರ?" ಅಂದ. ಅಮ್ಮ ನಕ್ಕರು. ಆ ನಗುವನ್ನು ಕೇಳಿಸಿಕೊಂಡೆ, ಮೈಯೆಲ್ಲ ಕಿವಿಯಾಗಿ.

ಮಾರ್ಚ್ 14

ಕುತ್ತಿಗೆಯಲ್ಲಿ ಕೊಳವೆ. ಎಚ್ಚರವಾಗಿದ್ದಾರೆ. ಕಣ್ಣಲ್ಲೇ ಓದು ಎಂದರು. ಓದಿದೆ, ನನ್ನ ಈ ಒಡಕು ದನಿಯಲ್ಲಿ, ಮೊದಲಿನಿಂದ. ತಪ್ಪಿದಾಗೆಲ್ಲ ಮಂಚದ ಕಂಬಿ ತಟ್ಟಿದರು.

"ಯಾರೇ ಇದನ್ನ ಬರ್ದಿರೋದು?" ಪಕ್ಕದ ಮಂಚದ ಅಜ್ಜಿ.

ತೋರಿಸಿದೆ. ಅಜ್ಜಿ ಎದ್ದು ಕೂತರು. ತಲೆಗೂದಲು ಸರಿ ಮಾಡಿಕೊಂಡರು. "ಇನ್ನೊಂದು ಓದಮ್ಮಾ."

ಕೊನೆಯ ಪದ್ಯ. ನಡೆಯುತ್ತ ಬರೆದದ್ದು, ಅಕ್ಷರ ಕುಣಿದಿವೆ. ಒಂದು ಸಾಲು ಓದಲಾಗದೆ ಮೆಲ್ಲಗೆ ಹಾರಿಸಿದೆ. ಕಂಬಿ — ಠಣ್ ಠಣ್ ಠಣ್. ಪ್ಯಾಡು ಬೇಕೆಂದು ಕೈ ಮಾಡಿದರು. ಬಹಳ ಹೊತ್ತು ಹಿಡಿಯಿತು. ಅವರು ಬರೆದದ್ದು ಹಾಗೇ ಇಲ್ಲಿ ಇಳಿಸಿಕೊಳ್ಳುತ್ತೇನೆ:

"ಎಡಕ್ಕೆ ತಿರುಗಿದೆ ಅಂತ ಇದೆಯಲ್ಲ? ಬಲಕ್ಕೆ ತೌರುಮನೆ. ಅಲ್ಲಿಗೂ ಹೋಗಲಿಲ್ಲ ನಾನು. ಸರಿಯಾಗಿ ಇನ್ನೊಂದು ಸಲ ನೋಡು, ಎಡಕ್ಕೇ ಅಂತಿದೆ. ಹಾರಿಸದೆ ಓದು."