ಒಣಗಿದ ಅರಿಶಿನ ಮುರಿಯುವ ಸದ್ದು

ಪುಟ್ಟಮ್ಮಕ್ಕಾ,

ನಿನಗೆ ಓದು ಬರುತ್ತಿರಲಿಲ್ಲ, ನಾನೂ ಏಳನೇ ಕ್ಲಾಸಿಗೇ ಬಿಟ್ಟವಳು. ಆದರೂ ಬರೆಯುತ್ತಿದ್ದೇನೆ. ಇನ್ನು ಯಾರಿಗೆ ಹೇಳಲಿ?

ಗುಂಡ್ಲುಪೇಟೆಯ ಅರಿಶಿನದ ಶೆಡ್ಡಿಗೆ ನಾನು ಕೆಲಸಕ್ಕೆ ಬಂದ ಮೊದಲ ದಿನ ನೆನಪಿದೆಯಾ? ಪಕ್ಕ ಕೂರಿಸಿಕೊಂಡು, ಒಂದು ಕೊಂಬನ್ನು ನನ್ನ ಕಿವಿಯ ಹತ್ತಿರ ಹಿಡಿದು ಮುರಿದೆ ನೀನು. ಟಣ್ ಅಂತು. "ಕಣ್ಣು ಮೋಸ ಓಯ್ತದೆ ಕಣಮ್ಮಿ, ಕಿವಿ ಓಗಾಕಿಲ್ಲ. ಒಳ್ಗೆ ಹಸಿ ಇದ್ರೆ ಸದ್ದೇ ಬರಾಕಿಲ್ಲ."

ಹೋದ ವರ್ಷ ಆಸ್ಪತ್ರೆಯಲ್ಲಿ, ಜೀವ ಬಿಡುವ ಮುಂಚೆ ನನ್ನ ಕೈ ಹಿಡಿದು, "ನಮ್ ಸಿವಮ್ಮುನ್ನ ನಿನ್ ಪಕ್ಕದಲ್ಲೇ ಕೂರಿಸ್ಕೊ" ಅಂದೆ. ಹೂಂ ಅಂದೆ ನಾನು. ಅಂದವಳು ಏನು ಮಾಡಿದೆ ಗೊತ್ತಾ...

ಯುಗಾದಿ ಕಳೆದ ಮೇಲೆ, ಕೊಂಬು ಆರಿಸುವುದಕ್ಕೆ ಕ್ಯಾಮೆರಾ ಇರುವ ಮೆಷಿನ್ ಬಂತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ನನ್ನ ಕೈಯಲ್ಲೇ ಬೇರೆ ಮಾಡಿಸಿ, ಕೊಯಮತ್ತೂರಿನ ಮೆಕ್ಯಾನಿಕ್ ಅದಕ್ಕೆ ತೋರಿಸಿದ. "ನೀನ್ ಕಲ್ಸುದ್ರೆ ನಿನ್ ಕೆಲ್ಸ ಎಲ್ಲೂ ಓಗಲ್ಲ" ಅಂದರು ಶೆಡ್ಡಿನ ಯಜಮಾನರು. ಮೂರು ದಿನ ಕಲಿಸಿದೆ. ನಾಲ್ಕನೇ ದಿನ ನನ್ನೊಬ್ಬಳನ್ನು ಉಳಿಸಿಕೊಂಡು ಎಲ್ಲರನ್ನೂ ಬಿಡಿಸಿದರು. ನಿನ್ನ ಮಗಳು ಶಿವಮ್ಮ ಬುತ್ತಿ ಎತ್ತಿಕೊಂಡು, "ಆ ಮೆಸಿನ್ಗೆ ಮೂರೇ ದಿನಕ್ಕೆ ಕಲ್ಸ್ಬುಟ್ಟಲ್ಲ ಚಿಕ್ಕವ್ವ, ನಂಗೆ ವರ್ಸದಿಂದ ಏನ್ ಕಲ್ಸುದೆ?" ಅಂದಳು.

ಅವತ್ತಿನಿಂದ ನಿನ್ನ ಕಾಟ ಶುರು. ಕೆಟ್ಟದ್ದು ಅಂತ ಮೆಷಿನ್ ಗಾಳಿ ಊದಿ ಎಸೆದ ಕೊಂಬು ತಗಡಿಗೆ ಬಡಿದು ಟಣ್ ಅನ್ನುತ್ತದೆ, ನೀನೇ ಒಳಗೆ ಕೂತು ಮುರಿಯುತ್ತಿರುವ ಹಾಗೆ. ನಾನು ಆ ಕಡೆ ತಿರುಗುವುದಿಲ್ಲ. ತಿರುಗಿ, ನಿನ್ನ ಹಳದಿ ಬೆರಳು ಕಂಡುಬಿಟ್ಟರೆ?

ಹೋದ ವಾರ ಕೇರಳಕ್ಕೆ ಕಳಿಸಿದ ಲೋಡು ಬೂಸಲು ಹಿಡಿದು ವಾಪಸ್ ಬಂತು. ಮೇಲೆ ಒಳ್ಳೇ ಬಣ್ಣ, ಒಳಗೆ ಹಸಿ. ಸದ್ದಿನ ವಿಷಯ ನಾನು ಮೆಕ್ಯಾನಿಕ್ಕಿಗೆ ಹೇಳಿರಲಿಲ್ಲ. ಮರೆತೆನೋ, ಬಚ್ಚಿಟ್ಟೆನೋ, ಇವತ್ತಿಗೂ ಗೊತ್ತಿಲ್ಲ. "ಇದ್ನ ಕಂಡಿಡಿಯೋರು ಯಾರಾರ ಅವ್ರಾ?" ಅಂತ ಯಜಮಾನರು ಕೇಳಿದಾಗ, "ಪುಟ್ಟಮ್ಮಕ್ಕನ ಮಗಳಿಗೆ ಬತ್ತದೆ, ಅವ್ವನೇ ಕಲ್ಸವ್ಳೆ" ಅಂತ ಸುಳ್ಳು ಹೇಳಿಬಿಟ್ಟೆ.

ಈಗ ದಿನಾ ಸಂಜೆ ಭೀಮನಬೀಡಿನ ನಿಮ್ಮ ಜಗಲಿಯಲ್ಲಿ ಕೂತು ಅವಳಿಗೆ ಕಲಿಸುತ್ತಿದ್ದೇನೆ. ಮೊದಮೊದಲು ಮುಖ ಕೊಡಲಿಲ್ಲ. ನಿನ್ನೆ ಒಂದನ್ನು ಮುರಿಯುವಾಗ, ನಿನ್ನ ಹಾಗೇ ಕಣ್ಣು ಮುಚ್ಚಿಕೊಂಡಳು. ಸೋಮವಾರ ಕೆಲಸಕ್ಕೆ ಬರುತ್ತಾಳೆ ಅಕ್ಕ, ನನ್ನ ಪಕ್ಕಕ್ಕೇ.

ಅವತ್ತೇ ಆ ಮೆಕ್ಯಾನಿಕ್ಕೂ ಬರುತ್ತಾನಂತೆ. ಅವನ ಹತ್ತಿರ ಸದ್ದು ಕೇಳಿಸಿಕೊಂಡು ಕಲಿಯುವ ಮೆಷಿನ್ನೂ ಇದ್ದುಬಿಟ್ಟರೆ? ಅವನು ಶೆಡ್ಡಿನಲ್ಲಿ ಇರುವಷ್ಟು ಹೊತ್ತು ನಾವಿಬ್ಬರೂ ಒಂದೇ ಒಂದು ಕೊಂಬನ್ನೂ ಮುರಿಯುವುದಿಲ್ಲ, ನಿನ್ನಾಣೆ.

ನೀನೂ ಅವತ್ತೊಂದಿನ ಆ ಮೆಷಿನ್ ಒಳಗೆ ಸುಮ್ಮನಿರು.